ಜೀರ್ಣೋದ್ಧಾರವೋ, ಗುಜರಿಯೋ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಅವರ ಕಾಲದಲ್ಲಿ ಮೋಟಾರು ಇರಲಿಲ್ಲ. ಇದ್ದಿದ್ದರೆ, ಹಳೆಯ ಕಾರಿನ ಇಂಜಿನು ಬಿಚ್ಚಿಸಿ ನೋಡು ಎಂಬ ಮೂರನೆಯ ತುಂಡೊಂದನ್ನು ಅದಕ್ಕೆ ಸೇರಿಸದೆ ಬಿಡುತ್ತಿರಲಿಲ್ಲವೆಂದು ತೋರುತ್ತದೆ. ಮನೆಗೆ, ಮದುವೆಗೆ ಖರ್ಚು ಎಷ್ಟೇ ಏರಲಿ, ಕಡೆಗೆ ಒಂದು ಸೂರೋ ಒಂದು ಸಂಸಾರವೋ ನಿಲ್ಲುತ್ತದೆ. ಹಳೆಯ ಕಾರಿನ ವಿಷಯದಲ್ಲಿ ಆ ಭರವಸೆಯೂ ಇಲ್ಲ. ಗ್ಯಾರೇಜಿನ ನೆಲದ ಮೇಲೆ ಹರಡಿದ ಬಿಡಿಭಾಗಗಳ ಮುಂದೆ ನಿಂತು, ಮೇಸ್ತ್ರಿ ಹೇಳುವ ಮೊತ್ತವನ್ನು ಕಿವಿಯಲ್ಲಿ ತುಂಬಿಕೊಂಡು, ಇದಕ್ಕೆ ಇನ್ನೂ ಹಣ ಹಾಕುವುದೋ, ಗುಜರಿಗೆ ಕೊಟ್ಟು ಕೈ ತೊಳೆದುಕೊಳ್ಳುವುದೋ ಎಂದು ತಳಮಳಿಸಿದ ಯಜಮಾನರು ನಮ್ಮ ಊರುಗಳಲ್ಲಿ ಬೀದಿಗೊಬ್ಬರಾದರೂ ಇದ್ದಾರೆ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇಂಜಿನಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಮಾತೇ. ಆದರೆ ಜೀರ್ಣವಾದುದನ್ನು ಉಳಿಸಿಕೊಳ್ಳುವ ವಿಚಾರ ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವೇನಲ್ಲ. ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು. ದೇವಾಲಯಕ್ಕೆ ಭೂಮಿಯನ್ನು ದತ್ತಿ ಬಿಡುವಾಗ ದೇವರ ಪೂಜೆಗೆ, ನಂದಾದೀಪಕ್ಕೆ ಎಂಬುದರ ಜೊತೆಗೆ, ಮುಂದೆ ಮುರಿಯುವ ಬಿರಿಯುವ ಭಾಗಗಳ ದುರಸ್ತಿಗೆ ಎಂದೂ ದಾನಿಗಳು ಬರೆಸುತ್ತಿದ್ದರು. ಕಟ್ಟಿದ ದಿನವೇ ಅದು ಒಡೆಯುವ ದಿನದ ಬಗ್ಗೆ ಅವರಿಗೆ ಎಚ್ಚರವಿತ್ತು. ಸಾಲ ಮಾಡಿ ಕಾರು ಕೊಳ್ಳುವ ನಾವು ಅದರ ಖಂಡಸ್ಫುಟಿತಕ್ಕೆ ಒಂದು ಗುಂಟೆ ಹೊಲವನ್ನೂ ಬಿಟ್ಟಿರುವುದಿಲ್ಲ. ಆದುದರಿಂದಲೇ ಹದಿನೈದನೆಯ ವರ್ಷದಲ್ಲಿ ಇಂಜಿನು ಹೊಗೆ ಬಿಟ್ಟಾಗ ಆಕಾಶವೇ ಕಳಚಿ ಬಿದ್ದಂತಾಗುತ್ತದೆ.

ಇಂಜಿನಿನ ಕಾಯಿಲೆ ಯಾವುದೆಂದು ತಿಳಿಯದೆ ತೀರ್ಪು ಹೇಳಲಾಗದು. ಆದ್ದರಿಂದ ಒಳಗೆ ನಡೆಯುವುದೇನೆಂಬುದನ್ನು ಸ್ವಲ್ಪ ನೋಡೋಣ. ಸಿಲಿಂಡರೆಂಬುದು ಒಂದು ಕೊಳವೆ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಪೆಟ್ರೋಲಿನ ಆವಿ ಬೆರೆತ ಗಾಳಿಯನ್ನು ಒಳಕ್ಕೆ ಎಳೆದುಕೊಂಡು, ಅದನ್ನು ಒತ್ತಿ ಹಿಡಿದು, ಕಿಡಿ ಹೊತ್ತಿಸಿ, ಸುಟ್ಟ ಹೊಗೆಯನ್ನು ಹೊರಕ್ಕೆ ತಳ್ಳುವುದು: ಈ ನಾಲ್ಕೇ ಕೆಲಸ. ನಾಲ್ಕರಲ್ಲಿ ಎರಡನೆಯದೇ ಪ್ರಾಣ. ಒತ್ತಿ ಹಿಡಿದ ಗಾಳಿ ಸೋರಿಹೋದರೆ ಬಲವಿಲ್ಲ. ಸೋರದಂತೆ ತಡೆಯುವುದಕ್ಕೆ ಪಿಸ್ಟನ್ನಿನ ಸುತ್ತ ಉಕ್ಕಿನ ಉಂಗುರಗಳಿವೆ, ಗ್ಯಾರೇಜಿನವರು ರಿಂಗು ಎನ್ನುವಂಥವು. ಮೇಲ್ಗಡೆ ಬಾಗಿಲುಗಳಂತೆ ತೆರೆದು ಮುಚ್ಚುವ ವಾಲ್ವುಗಳಿವೆ. ಮೇಲಿನ ಮುಚ್ಚಳಕ್ಕೂ ಕೆಳಗಿನ ಬ್ಲಾಕಿಗೂ ನಡುವೆ ಹೆಡ್ ಗ್ಯಾಸ್ಕೆಟ್ ಎಂಬ ತೆಳುವಾದ ಪದರವಿದೆ. ಗಾಳಿ ಸೋರಿದರೆ ಹೆಚ್ಚಾಗಿ ಈ ಮೂರರಲ್ಲಿ ಒಂದು ಕಡೆ ಸೋರುತ್ತದೆ.

ಅಂಬಾಸಿಡರ್ ಆಗಲಿ ಮಾರುತಿ 800 ಆಗಲಿ, ಸಾಧಾರಣ ವೇಗದಲ್ಲಿ ಕಾರು ಒಂದು ಕಿಲೋಮೀಟರು ಸಾಗುವಷ್ಟರಲ್ಲಿ ಇಂಜಿನು ಸುಮಾರು ಮೂರು ಸಾವಿರ ಸುತ್ತು ತಿರುಗಿರುತ್ತದೆ ಎಂದಿಟ್ಟುಕೊಳ್ಳಿ. ಲಕ್ಷ ಕಿಲೋಮೀಟರಿಗೆ ಅದು ಮೂವತ್ತು ಕೋಟಿ ಸುತ್ತು. ಪ್ರತಿ ಸುತ್ತಿನಲ್ಲೂ ಉಂಗುರಗಳು ಕೊಳವೆಯ ಗೋಡೆಯನ್ನು ಎರಡು ಬಾರಿ ಉಜ್ಜುತ್ತವೆ. ಕಬ್ಬಿಣವೆಂದರೆ ಕಬ್ಬಿಣವೇ ಆದರೂ ಅದು ಸವೆಯದೆ ಇರಲು ಹೇಗೆ ಸಾಧ್ಯ? ನಿಜಕ್ಕೂ ಆಶ್ಚರ್ಯಪಡಬೇಕಾದುದು ಅದು ಇಷ್ಟು ದಿನ ಬಾಳಿತಲ್ಲ ಎಂಬುದಕ್ಕೆ.

ಹೊಗೆಯ ಬಣ್ಣವನ್ನು ನೋಡಿ ರೋಗ ಹೇಳುವುದು ನಾಡಿ ನೋಡಿ ಹೇಳಿದಂತೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬೆಳಿಗ್ಗೆ ಚಾಲೂ ಮಾಡಿದಾಗ ಮಾತ್ರ ಒಂದು ಮುಷ್ಟಿ ನೀಲಿ ಹೊಗೆ ಬಂದು ನಿಂತುಹೋದರೆ ವಾಲ್ವುಗಳ ಸೀಲು ಒಣಗಿರಬಹುದು. ಅದು ಸಣ್ಣ ಖರ್ಚು. ಏರು ಹತ್ತುವಾಗಲೆಲ್ಲ ಹಿಂದೆ ನೀಲಿ ಮೋಡ ಕಟ್ಟಿಕೊಂಡು ಬಂದರೆ ರಿಂಗುಗಳು ಸವೆದಿವೆ. ಅದು ದೊಡ್ಡ ಖರ್ಚು. ಕಪ್ಪು ಹೊಗೆಯೆಂದರೆ ಪೆಟ್ರೋಲು ಅತಿಯಾಗಿ ಸುಡುತ್ತಿದೆ ಎಂದಷ್ಟೇ ಅರ್ಥ. ಅದಕ್ಕಾಗಿ ಇಂಜಿನು ಬಿಚ್ಚಬೇಕಾಗಿಲ್ಲ. ಬಿಳಿಯ ಹೊಗೆ ಬಿಡದೆ ಬರುತ್ತಿದ್ದು, ರೇಡಿಯೇಟರಿನ ನೀರು ದಿನದಿನಕ್ಕೆ ಕಾಣೆಯಾಗುತ್ತಿದ್ದರೆ ಗ್ಯಾಸ್ಕೆಟ್ ಹೋಗಿದೆ, ನೀರು ಒಳಕ್ಕೆ ನುಗ್ಗುತ್ತಿದೆ. ಆಗ ಆಯಿಲ್ ತುಂಬುವ ಮುಚ್ಚಳವನ್ನು ತೆಗೆದು ನೋಡಿದರೆ ಅದರ ಅಡಿಯಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣದ ಕೆನೆ ಕಾಣಿಸುತ್ತದೆ. ಇಲ್ಲೊಂದು ಎಚ್ಚರ ಬೇಕು. ಮಳೆಗಾಲದಲ್ಲಿ ಅಂಗಡಿಗೂ ಅಂಚೆಯ ಕಚೇರಿಗೂ ಎಂದು ಒಂದೆರಡು ಕಿಲೋಮೀಟರು ಮಾತ್ರ ಓಡಿಸುವ ಕಾರಿನಲ್ಲಿ, ಇಂಜಿನು ಪೂರ್ತಿ ಬಿಸಿಯಾಗದೆ, ತೇವವೇ ಕೂಡಿಕೊಂಡು ಅಂಥದೇ ಕೆನೆಯನ್ನು ತೋರಿಸುವುದುಂಟು. ಅದನ್ನು ಕಂಡು ಗಾಬರಿಯಾಗಿ ಹೆಡ್ ಇಳಿಸಿಸಿದವರಿದ್ದಾರೆ.

ನಾಡಿ ನೋಡಿದ ಮೇಲೆ ಪರೀಕ್ಷೆ. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಆ ರಂಧ್ರಕ್ಕೆ ಒತ್ತಡದ ಗಡಿಯಾರವೊಂದನ್ನು ಸಿಕ್ಕಿಸಿ ಇಂಜಿನನ್ನು ನಾಲ್ಕೈದು ಸುತ್ತು ತಿರುಗಿಸಿದರೆ ಒಂದೊಂದು ಸಿಲಿಂಡರಿನ ಶಕ್ತಿಯೂ ತಿಳಿಯುತ್ತದೆ. ಕಂಪ್ರೆಷನ್ ಟೆಸ್ಟ್ ಎಂದು ಇದರ ಹೆಸರು. ಆರೋಗ್ಯವಂತ ಪೆಟ್ರೋಲ್ ಇಂಜಿನಿನಲ್ಲಿ ಚದರ ಅಂಗುಲಕ್ಕೆ ಸುಮಾರು 150ರಿಂದ 180 ಪೌಂಡು ತೋರಿಸಬೇಕು. ಖಚಿತವಾದ ಅಂಕಿ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಎಲ್ಲ ಸಿಲಿಂಡರುಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಬೇಕೆಂಬುದು ಅಂಕಿಗಿಂತಲೂ ಮುಖ್ಯ. ಒಂದು ಸಿಲಿಂಡರು ಸೋತಿದ್ದರೆ ಅದರೊಳಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡುತ್ತಾರೆ. ಒತ್ತಡ ಏರಿತೆಂದರೆ ಉಂಗುರಗಳು ಸವೆದಿವೆ. ಆಯಿಲ್ ಸ್ವಲ್ಪ ಹೊತ್ತು ಆ ಸಂದನ್ನು ಮುಚ್ಚಿತು. ಏರದಿದ್ದರೆ ದೋಷ ಮೇಲಿದೆ, ವಾಲ್ವಿನಲ್ಲಿ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಸೋತಿದ್ದರೆ ನಡುವಿನ ಗ್ಯಾಸ್ಕೆಟ್ ಮೇಲೆ ಅನುಮಾನ. ಇಷ್ಟು ಸರಳವಾದ, ಅರ್ಧ ಗಂಟೆಯ ಈ ಪರೀಕ್ಷೆಯನ್ನು ಮಾಡಿಸದೆ, 'ಇಂಜಿನ್ ಇಳಿಸಬೇಕು ಸಾರ್' ಎಂಬ ಒಂದು ಮಾತಿಗೆ ತಲೆಯಾಡಿಸುವುದು, ರಕ್ತಪರೀಕ್ಷೆಯಿಲ್ಲದೆ ಶಸ್ತ್ರಚಿಕಿತ್ಸೆಗೆ ಮಲಗಿದಂತೆ.

ಅದಕ್ಕೂ ಮೊದಲು ಅಗ್ಗದ ಕಾರಣಗಳನ್ನೆಲ್ಲ ಕಳೆದುಕೊಳ್ಳಬೇಕು. ಪ್ಲಗ್ಗು, ಪೆಟ್ರೋಲ್ ಫಿಲ್ಟರು, ರೇಡಿಯೇಟರಿನ ಕೊಳೆ, ಕಾರ್ಬ್ಯುರೇಟರಿನ ಕಸ: ಇವು ಇಂಜಿನಿನ ಮುಪ್ಪನ್ನು ಅಭಿನಯಿಸುವುದರಲ್ಲಿ ನಿಪುಣ ನಟರು. ಈಚೆಗೆ ಈ ನಟವರ್ಗಕ್ಕೆ ಇನ್ನೊಬ್ಬ ಸೇರಿದ್ದಾನೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಬಳಿಕ ಅದು ದೇಶಕ್ಕೆಲ್ಲ ಹರಡಿತು. ಎಥನಾಲಿಗೆ ತೇವವನ್ನು ಹೀರುವ ಗುಣವಿದೆ. ಅದನ್ನು ಎಣಿಸದೆ ತಯಾರಾದ ಹಳೆಯ ಕಾರುಗಳ ರಬ್ಬರು ಕೊಳವೆಗಳನ್ನೂ ಬಿರಡೆಗಳನ್ನೂ ಅದು ಕಾಲಕ್ರಮದಲ್ಲಿ ಕೆಡಿಸುತ್ತದೆ; ತೊಟ್ಟಿಯ ತಳದಲ್ಲಿ ವರ್ಷಗಟ್ಟಲೆ ಕೂತ ಗಸಿಯನ್ನು ಎಬ್ಬಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಆಗ ಕಾರು ಏರಿನಲ್ಲಿ ಕೆಮ್ಮಿ ನಿಲ್ಲುತ್ತದೆ. ರೋಗ ಇಂಜಿನಿನದಲ್ಲ, ಆಹಾರದ್ದು.

ಇನ್ನು ಇಂಜಿನೇ ಕೆಟ್ಟಿದೆ ಎಂದು ಸಿದ್ಧವಾಯಿತೆನ್ನಿ. ಆಗಲೂ ಅದು ಮರಣವಲ್ಲ. ಇಂಜಿನಿನಷ್ಟು ಪುನರ್ಜನ್ಮಗಳನ್ನು ಪಡೆಯಬಲ್ಲ ಭಾಗ ಕಾರಿನಲ್ಲಿ ಇನ್ನೊಂದಿಲ್ಲ. ವಾಲ್ವು ಕೆಟ್ಟರೆ ಗ್ರೈಂಡ್ ಮಾಡಿ ಕೂರಿಸಬಹುದು. ಹೆಡ್ ಸೊಟ್ಟಗಾಗಿದ್ದರೆ ಲೇತಿನ ಅಂಗಡಿಯಲ್ಲಿ ಮಟ್ಟ ಮಾಡಿಸಬಹುದು. ಸಿಲಿಂಡರು ಸವೆದಿದ್ದರೆ ಕೊರೆದು ಕಾಲು ಮಿಲಿಮೀಟರೋ ಅರ್ಧ ಮಿಲಿಮೀಟರೋ ಅಗಲ ಮಾಡಿ, ಆ ಅಳತೆಯ ಹೊಸ ಪಿಸ್ಟನ್ ಹಾಕಬಹುದು. ಬೋರ್ ಮಾಡಿಸುವುದೆಂದರೆ ಇದೇ. ಅದಕ್ಕೂ ಮೀರಿ ಸವೆದರೆ ಒಳಗೊಂದು ಹೊಸ ಕೊಳವೆಯನ್ನೇ ಬಡಿದು ಮೊದಲಿನ ಅಳತೆಗೆ ತರುವುದೂ ಅನೇಕ ಇಂಜಿನುಗಳಲ್ಲಿ ಸಾಧ್ಯ. ಅಂಬಾಸಿಡರ್ ಕಾಲದಲ್ಲಿ ಹಿಂದಿನ ಗಾಜಿಗೆ 'ರನ್ನಿಂಗ್ ಇನ್' ಎಂಬ ಚೀಟಿ ಅಂಟಿಸಿಕೊಂಡು ಮೆಲ್ಲಗೆ ಹೋಗುತ್ತಿದ್ದ ಕಾರುಗಳು ನಿಮಗೆ ನೆನಪಿರಬಹುದು. ಅವುಗಳಲ್ಲಿ ಹೊಸ ಕಾರುಗಳೂ ಇದ್ದವು, ಬೋರ್ ಮಾಡಿಸಿಕೊಂಡ ಹಳೆಯವೂ ಇದ್ದವು. ಬಾಣಂತಿಗೆ ಪಥ್ಯವಿದ್ದಂತೆ ಹೊಸ ಉಂಗುರಗಳಿಗೂ ಮೊದಲ ಸಾವಿರ ಕಿಲೋಮೀಟರಿನ ಪಥ್ಯವುಂಟು.

ಗುಜರಿಯಿಂದ ಬೇರೊಂದು ಕಾರಿನ ಇಂಜಿನನ್ನು ತಂದು ಇಡೀಯಾಗಿ ಕೂರಿಸುವುದು ಇನ್ನೊಂದು ದಾರಿ. ಕೆಲವೊಮ್ಮೆ ಅದು ಅಗ್ಗವಾಗುತ್ತದೆ. ಆದರೆ ಆ ಇಂಜಿನಿನ ಪೂರ್ವಾಶ್ರಮ ಯಾರಿಗೂ ತಿಳಿಯದು. ಕಳವಿನ ಮಾಲಾಗಿದ್ದರೆ ತೊಡಕು ಬೇರೆ. ಬಿಲ್ಲು ಇಲ್ಲದ ಇಂಜಿನನ್ನು ಮುಟ್ಟಬಾರದು, ಬದಲಾದ ಇಂಜಿನ್ ನಂಬರನ್ನು ಸಾರಿಗೆ ಕಚೇರಿಯಲ್ಲಿ ನೋಂದಣಿ ಪತ್ರಕ್ಕೆ ಬರೆಸದೆ ಓಡಿಸಬಾರದು.

ಈ ನಂಬರಿನ ಮಾತು ಬಂದಾಗ ನನಗೆ 'ಮಿಲಿಂದಪ್ರಶ್ನೆ' ನೆನಪಾಗುತ್ತದೆ. ಯವನರಾಜ ಮಿಲಿಂದನು ರಥವೇರಿ ಬಂದಾಗ ಭಿಕ್ಷು ನಾಗಸೇನನು ಅವನನ್ನು ವಿಚಾರಿಸುತ್ತಾನೆ: ರಥವೆಂದರೆ ಯಾವುದು? ಅಚ್ಚೇ, ಗಾಲಿಯೇ, ನೊಗವೇ? ಯಾವುದೂ ಅಲ್ಲವೆಂದು ರಾಜ ಒಪ್ಪಿಕೊಳ್ಳಬೇಕಾಗುತ್ತದೆ. ಭಾಗಗಳೆಲ್ಲ ಸೇರಿದ್ದಕ್ಕೆ ರಥವೆಂಬ ಹೆಸರಷ್ಟೆ. ಎರಡು ಸಾವಿರ ವರ್ಷಗಳ ಹಿಂದಿನ ಆ ಪ್ರಶ್ನೆಗೆ ನಮ್ಮ ಮೋಟಾರು ವಾಹನ ಕಾನೂನು ಗುಮಾಸ್ತನ ಗಾಂಭೀರ್ಯದಿಂದ ಉತ್ತರ ಕೊಟ್ಟುಬಿಟ್ಟಿದೆ. ಇಂಜಿನು ಬದಲಾದರೂ ಕಾರು ಅದೇ. ಬಣ್ಣ ಬದಲಾದರೂ ಅದೇ. ಚಾಸಿಯ ಮೇಲೆ ಕೊರೆದ ಸಂಖ್ಯೆ ಅಳಿದರೆ ಮಾತ್ರ ಕಾರು ಇಲ್ಲ. ಕಾನೂನಿನ ಈ ಉತ್ತರದಲ್ಲಿ ಒಂದು ಯಂತ್ರಸತ್ಯವೂ ಅಡಗಿದೆ. ನಾವು ಇಂಜಿನನ್ನು ಆತ್ಮವೆಂದೂ ಉಳಿದುದನ್ನು ಬರಿಯ ದೇಹವೆಂದೂ ಭಾವಿಸುತ್ತೇವೆ. ಕಾರಿನಲ್ಲಿ ಈ ವೇದಾಂತ ತಲೆಕೆಳಗು. ಆತ್ಮವನ್ನು ಕೊರೆಸಬಹುದು, ಉಜ್ಜಿಸಬಹುದು, ಬದಲಿಸಬಹುದು. ದೇಹ ಹೋದರೆ ಮುಗಿಯಿತು.

ಏಕೆಂದರೆ ಲಾರಿಗೂ ಹಳೆಯ ಜೀಪಿಗೂ ಇರುವಂತೆ ಸಾಮಾನ್ಯ ಕಾರಿಗೆ ಬೇರೆಯಾದ ಕಬ್ಬಿಣದ ಚೌಕಟ್ಟಿಲ್ಲ. ತಗಡಿನ ನೆಲ, ಬಾಗಿಲುಗಳ ಕೆಳಗಿನ ತೊಲೆ, ಚಕ್ರದ ಮೇಲಿನ ಕಮಾನು ಇವೆಲ್ಲ ಬೆಸೆದು ಆದ ಪೆಟ್ಟಿಗೆಯೇ ಚೌಕಟ್ಟು. ಆ ತಗಡಿಗೆ ತುಕ್ಕು ಹಿಡಿದು ತೂತಾದರೆ ಟಿಂಕರಿಂಗ್ ಮಾಡುವವನು ತೇಪೆ ಹಾಕಿಯಾನು, ಬಣ್ಣ ಬಳಿದಾನು; ಮೊದಲಿನ ಬಲ ಬಾರದು. ಅಪಘಾತದ ಕ್ಷಣದಲ್ಲಿ ಒಳಗಿನವರನ್ನು ಕಾಯಬೇಕಾದುದು ಆ ಪೆಟ್ಟಿಗೆಯೇ.

ತೀರ್ಥಹಳ್ಳಿಯ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನನಗೆ ಆಪ್ತರು. ಅವರ ಮಡದಿಯವರಿಗೆ ತಿಂಗಳಿಗೆ ಎರಡು ಬಾರಿ ಆಗುಂಬೆಯ ಘಾಟಿ ಇಳಿದು ಮಣಿಪಾಲಕ್ಕೆ ಚಿಕಿತ್ಸೆಗೆ ಹೋಗಬೇಕಿತ್ತು. ಇಪ್ಪತ್ತೊಂದು ವರ್ಷದ ಕಾರು. ಬರುಬರುತ್ತಾ ಏರಿನಲ್ಲಿ ಸೋಲತೊಡಗಿತು. ಒಂದು ಸಂಜೆ ಹಿಂದಿರುಗುವಾಗ ಘಾಟಿಯ ತಿರುವಿನಲ್ಲಿ, ಸುರಿಯುವ ಮಳೆಯಲ್ಲಿ, ಎರಡನೆಯ ಗೇರಿನಲ್ಲೂ ಎಳೆಯದೆ ನಿಂತಿತು. ಹಿಂದಿನ ಸೀಟಿನಲ್ಲಿ ದಣಿದು ಮಲಗಿದ್ದ ರೋಗಿ. ಮರುವಾರ ಒಂದು ಗ್ಯಾರೇಜಿನವರು ಇಂಜಿನ್ ಇಳಿಸಿ ಬೋರ್ ಮಾಡಿಸಬೇಕು, ನಲವತ್ತು ಸಾವಿರವಾಗುತ್ತದೆ ಎಂದರು. ಕಾರನ್ನು ಮಾರಿದರೂ ಅಷ್ಟು ಬಾರದು. ನೆಂಟರಿಷ್ಟರೆಲ್ಲ ಒಂದೇ ಸ್ವರದಲ್ಲಿ ಗುಜರಿ ಎಂದರು.

ಅವರ ಜೊತೆಗೆ ನಾನೂ ಇನ್ನೊಬ್ಬ ವಯಸ್ಸಾದ ಮೇಸ್ತ್ರಿಯಲ್ಲಿಗೆ ಹೋದೆ. ಆತ ಮಾತಾಡದೆ ಗಡಿಯಾರ ತಂದು ಒಂದೊಂದು ಸಿಲಿಂಡರಿಗೂ ಹಚ್ಚಿ ನೋಡಿದ. ಮೂರನೆಯದೊಂದು ಸೋತಿತ್ತು. ಆಯಿಲ್ ಹಾಕಿ ನೋಡಿದರೂ ಮುಳ್ಳು ಅಲುಗಲಿಲ್ಲ. "ಬೋರ್ ಬೇಡ ಮೇಷ್ಟ್ರೇ, ಹೆಡ್ ಇಳಿಸಿ ವಾಲ್ವ್ ಕೂರಿಸಿದರೆ ಸಾಕು, ಹನ್ನೆರಡು ಸಾವಿರದೊಳಗೆ ಮುಗಿಸಿ ಕೊಡ್ತೀನಿ" ಎಂದ. ನಮ್ಮ ಮೇಷ್ಟ್ರ ಮುಖ ಅರಳಿತು. ಆದರೆ ಆತ ಅಷ್ಟಕ್ಕೇ ಬಿಡದೆ ಕಾರನ್ನು ಜಾಕಿನ ಮೇಲೆ ಎತ್ತಿಸಿ, ಕೆಳಗೆ ನುಸುಳಿ, ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಒತ್ತಿ ನೋಡಿದ. ಹಿಂದಿನ ಬಾಗಿಲ ಕೆಳಗಿನ ತೊಲೆಯಲ್ಲಿ ಅದು ಹಪ್ಪಳದೊಳಗೆ ಹೋದಂತೆ ಹಿಡಿಯವರೆಗೂ ಇಳಿಯಿತು. ಮೇಲಿನ ಚಾಪೆ ಎತ್ತಿದರೆ ನೆಲದ ತಗಡಿನಲ್ಲಿ ಬೆಳಕು ಕಾಣಿಸಿತು. ಸರಿಯಾಗಿ ಆ ತಾಯಿ ಕಾಲಿಡುತ್ತಿದ್ದ ಜಾಗ. ಮೇಸ್ತ್ರಿ ಹೊರಬಂದು ಕೈ ಒರೆಸಿಕೊಳ್ಳುತ್ತಾ, "ಇಂಜಿನ್ ಮಾಡಿಕೊಡ್ತೀನಿ, ಆದರೆ ಅಮ್ಮನವರನ್ನ ಇದರಲ್ಲಿ ಕೂರಿಸ್ಬೇಡಿ" ಎಂದಷ್ಟೇ ಹೇಳಿದ. ಹನ್ನೆರಡು ಸಾವಿರದ ಕೆಲಸವನ್ನು ತಾನಾಗಿ ಕಳೆದುಕೊಂಡ ಆ ಮನುಷ್ಯನ ಬಗ್ಗೆ ನನಗೆ ತುಂಬ ಗೌರವ.

ಮಲೆನಾಡಿನ ಕಾರುಗಳ ಕಥೆ ಹೆಚ್ಚಾಗಿ ಹೀಗೆಯೇ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ಆಗುಂಬೆಯ ಆಸುಪಾಸಿನಲ್ಲಿ ಇಂಜಿನಿಗಿಂತ ಮೊದಲು ತಗಡು ಸಾಯುತ್ತದೆ. ಕರಾವಳಿಯಲ್ಲಿ ಉಪ್ಪು ಗಾಳಿಯೂ ಸೇರಿ ಇನ್ನೂ ಬೇಗ. ಇದಕ್ಕೆ ಪ್ರತಿಯಾಗಿ ಮಳೆಯೇ ಅಪರೂಪವಾದ ಚಳ್ಳಕೆರೆಯಂಥ ಬಯಲುಸೀಮೆಯಲ್ಲಿ ಅಷ್ಟೇ ವಯಸ್ಸಿನ ಕಾರಿನ ಕೆಳಭಾಗ ಒಣಗಿದ ಹಲಗೆಯಂತೆ ಗಟ್ಟಿಯಾಗಿರುತ್ತದೆ. ಆದರೆ ಅಲ್ಲಿಯ ಧೂಳು, ಫಿಲ್ಟರು ಸರಿಯಿಲ್ಲದ ಇಂಜಿನಿನೊಳಗೆ ಹೊಕ್ಕು, ರಿಂಗುಗಳನ್ನು ಸಾಣೆ ಹಿಡಿದಂತೆ ಸವೆಸಿಬಿಟ್ಟಿರುತ್ತದೆ. ಅಲ್ಲಿಯ ಕಾರಿಗೆ ನಲವತ್ತು ಸಾವಿರ ಕೊಟ್ಟು ಬೋರ್ ಮಾಡಿಸುವುದು ವಿವೇಕ, ಇಲ್ಲಿಯ ಕಾರಿಗೆ ಹನ್ನೆರಡು ಸಾವಿರವೂ ದಂಡ. ಊರು ತಿಳಿಯದೆ ಖರ್ಚಿನ ಮೊತ್ತವೊಂದರಿಂದಲೇ ಯಾವ ತೀರ್ಪೂ ಹುಟ್ಟುವುದಿಲ್ಲ.

ಈಗ ಹಣದ ಮಾತು. ಕಾರಿನ ಬೆಲೆಗಿಂತ ರಿಪೇರಿಯ ಬೆಲೆ ಹೆಚ್ಚಾದರೆ ಬಿಟ್ಟುಬಿಡು ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ನನ್ನ ಮಟ್ಟಿಗೆ ಅದು ವ್ಯಾಪಾರಿಯ ಸೂತ್ರ, ಬಳಸುವವನದಲ್ಲ. ಮಾರುವವನಿಗೆ ಕಾರಿನ ಬೆಲೆ ಬೇಕು. ಇಟ್ಟುಕೊಳ್ಳುವವನಿಗೆ ಅದು ಇನ್ನೆಷ್ಟು ತಿಂಗಳು ಸೇವೆ ಮಾಡೀತು, ಅದಿಲ್ಲದಿದ್ದರೆ ಆ ಸೇವೆಗೆ ಎಷ್ಟು ತೆರಬೇಕಾದೀತು ಎಂಬುದು ಬೇಕು. ನಲವತ್ತು ಸಾವಿರದ ರಿಪೇರಿ ಮೂರು ವರ್ಷ ನಡೆಸಿಕೊಟ್ಟರೆ ತಿಂಗಳಿಗೆ ಸಾವಿರದ ನೂರು ಚಿಲ್ಲರೆ. ವಿಮೆ, ಟೈರು, ಸಣ್ಣಪುಟ್ಟ ರಿಪೇರಿಗೆಂದು ಒಂದೂವರೆ ಸಾವಿರ ಸೇರಿಸಿ. ಎರಡು ಸಾವಿರದ ಆರುನೂರಾಯಿತು. ಇದರ ಎದುರಿಗೆ ಆರು ಲಕ್ಷದ ಹೊಸ ಕಾರನ್ನು ಇಡಿ. ವಿಮೆಯವರು ಅನುಸರಿಸುತ್ತ ಬಂದ ಸವಕಳಿಯ ಪಟ್ಟಿಯಲ್ಲಿ ಒಂದು ವರ್ಷ ದಾಟಿದ ಕಾರಿನ ಬೆಲೆ ನೂರಕ್ಕೆ 20ರಷ್ಟು, ನಾಲ್ಕು ವರ್ಷ ದಾಟಿದ ಕಾರಿನ ಬೆಲೆ ನೂರಕ್ಕೆ 50ರಷ್ಟು ಇಳಿಯುತ್ತದೆ. ಅಂದರೆ ನಾಲ್ಕು ವರ್ಷಕ್ಕೆ ಮೂರು ಲಕ್ಷ. ತಿಂಗಳಿಗೆ ಆರು ಸಾವಿರಕ್ಕೂ ಹೆಚ್ಚು. ಸಾಲದ ಬಡ್ಡಿ, ವಿಮೆ ಬೇರೆ. ಈ ಸವಕಳಿ ಯಾರ ಕೈಗೂ ಎಣಿಸಿಕೊಡುವ ಹಣವಲ್ಲವಾದ್ದರಿಂದ ನಮಗೆ ನೋಯುವುದಿಲ್ಲ. ಮೇಸ್ತ್ರಿಗೆ ಎಣಿಸಿಕೊಡುವ ನಲವತ್ತು ಸಾವಿರದ ನೋಟಿನ ಕಂತೆ ನೋಯುತ್ತದೆ. ನೋವನ್ನು ಖರ್ಚೆಂದು ಎಣಿಸುವುದು ನಮ್ಮ ಸ್ವಭಾವ.

ಇನ್ನೊಂದು ಮೋಹವುಂಟು. 'ಹೋದ ವರ್ಷವಷ್ಟೇ ಇಪ್ಪತ್ತೈದು ಸಾವಿರ ಕೊಟ್ಟು ಟೈರು, ಬ್ಯಾಟರಿ, ಕ್ಲಚ್ಚು ಹಾಕಿಸಿದ್ದೇನೆ, ಈಗ ಹೇಗೆ ಬಿಡಲಿ?' ಎಂಬ ಮಾತು. ಹಾಕಿದ ಹಣ ಹೋಯಿತು. ರಿಪೇರಿ ಮಾಡಿಸಿದರೂ ಹೋಯಿತು, ಮಾಡಿಸದಿದ್ದರೂ ಹೋಯಿತು. ಮುಂದೆ ಬೇಕಾಗುವ ಖರ್ಚು ಆ ಹೊಸ ಟೈರುಗಳಿಂದ ಎಷ್ಟು ಕಡಮೆಯಾಯಿತು ಎಂಬಷ್ಟೇ ಲೆಕ್ಕಕ್ಕೆ ಬರಬೇಕು. ದ್ಯೂತಸಭೆಯಲ್ಲಿ ಧರ್ಮರಾಯನಿಗೆ ಈ ಮಾತನ್ನು ಯಾರಾದರೂ ಹೇಳಬಹುದಾಗಿತ್ತು.

ಹೊಸ ಕಾರು, ಹಳೆಯ ಕಾರು ಎಂಬ ಎರಡೇ ದಾರಿಗಳ ನಡುವೆ ನಾವು ತೂಗಾಡುತ್ತಿರುವಾಗ ಮೂರನೆಯದೊಂದನ್ನು ಮರೆಯುತ್ತೇವೆ: ಕಾರೇ ಇಲ್ಲದಿರುವುದು. ನಮ್ಮ ಮೇಷ್ಟ್ರು ಕಡೆಗೆ ಹಿಡಿದದ್ದು ಇದನ್ನೇ. ತಗಡು ಗಟ್ಟಿಯಾಗಿದ್ದು ಕಾರನ್ನು ಉಳಿಸಿಕೊಂಡಿದ್ದರೆ, ಪೆಟ್ರೋಲು ಸೇರಿ ತಿಂಗಳಿಗೆ ಐದು ಸಾವಿರದ ಹತ್ತಿರ ಬೀಳುತ್ತಿತ್ತು. ಪರಿಚಯದ ಬಾಡಿಗೆ ಕಾರಿನವನೊಬ್ಬ ಎರಡು ಪ್ರಯಾಣಕ್ಕೆ ಆರು ಸಾವಿರಕ್ಕೆ ಒಪ್ಪಿದ. ಹೆಚ್ಚಿನ ಒಂದು ಸಾವಿರಕ್ಕೆ ಘಾಟಿಯಲ್ಲಿ ಸ್ಟೀರಿಂಗ್ ಹಿಡಿಯುವ ಆತಂಕ ತಪ್ಪಿತು. ಮಡದಿಯ ಪಕ್ಕದಲ್ಲಿ ಕೂರುವುದಾಯಿತು. ಆದರೆ ಬಾಡಿಗೆಯ ಕಾರೇ ಸಿಗದ ಹಳ್ಳಿಯಲ್ಲಿ, ರಾತ್ರಿ ಎದೆನೋವು ಬಂದರೆ ಓಡಲು ಒಂದು ವಾಹನ ಅಂಗಳದಲ್ಲಿರಬೇಕಾದ ಮನೆಯಲ್ಲಿ ಈ ಲೆಕ್ಕ ನಡೆಯದು.

ಕಾನೂನಿನ ಲೆಕ್ಕವನ್ನೂ ಮರೆಯುವಂತಿಲ್ಲ. ಸ್ವಂತ ಬಳಕೆಯ ಕಾರಿನ ನೋಂದಣಿಗೆ 15 ವರ್ಷದ ಆಯುಸ್ಸು. ಆಮೇಲೆ ತಪಾಸಣೆಗೆ ಒಯ್ದು, ಶುಲ್ಕ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಮೊದಲು 600 ರೂಪಾಯಿಯಿದ್ದ ಆ ಶುಲ್ಕ 2022ರ ಏಪ್ರಿಲಿನಿಂದ 5000ಕ್ಕೆ ಏರಿತು. 2025ರಲ್ಲಿ 20 ವರ್ಷ ಮೀರಿದ ಕಾರುಗಳಿಗೆ ಅದನ್ನು 10,000 ಮಾಡಿದರು. ನಮ್ಮ ರಾಜ್ಯದಲ್ಲಿ ಹಸಿರು ತೆರಿಗೆಯೂ ಉಂಟು. ಆದುದರಿಂದ ಹದಿನಾಲ್ಕೂವರೆ ವರ್ಷದ ಕಾರಿಗೆ ಇಂಜಿನ್ ಕೆಲಸ ಮಾಡಿಸುವವರು ಆ ಖರ್ಚನ್ನೂ ಜೊತೆಯಲ್ಲೇ ಬರೆದುಕೊಳ್ಳಬೇಕು. ದೆಹಲಿಯ ಪ್ರದೇಶದಲ್ಲಿ ಡೀಸೆಲ್ಲಿಗೆ 10, ಪೆಟ್ರೋಲಿಗೆ 15 ವರ್ಷವೆಂಬ ನಿರ್ಬಂಧ ಬಂದು, ಅದರ ಮೇಲೆ ವಿವಾದ ನಡೆದದ್ದನ್ನು ಪತ್ರಿಕೆಗಳಲ್ಲಿ ಓದಿ ನಮ್ಮಲ್ಲಿ ಹಲವರು ಗಾಬರಿಯಾದರು. ಆ ಆಜ್ಞೆ ಅಲ್ಲಿಯದು; ಕರ್ನಾಟಕದ ಕಾರು ಕೇವಲ ವಯಸ್ಸಿನ ಕಾರಣಕ್ಕೆ ಸಾಯಬೇಕಾಗಿಲ್ಲ.

ಮುಂಬಯಿಯ ಟ್ಯಾಕ್ಸಿಗಳಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಕುರ್ಲಾದ ಕಾರ್ಖಾನೆಯಿಂದ ಬಂದ ಫಿಯೆಟ್ಟಿಗೆ 1970ರ ದಶಕದಲ್ಲಿ ಪದ್ಮಿನಿ ಎಂದು ಹೆಸರಿಟ್ಟರು. ಜಾಯಸಿಯ ಕಾವ್ಯದ ಚಿತ್ತೂರಿನ ರಾಣಿ ಕಪ್ಪು ಹಳದಿ ಸೀರೆಯುಟ್ಟು ಬೊರಿಬಂದರಿನ ಮುಂದೆ ಗಿರಾಕಿಗಾಗಿ ಕಾದಳು. 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 2023ರ ಅಕ್ಟೋಬರಿನಲ್ಲಿ 20 ವರ್ಷದ ಮಿತಿ ತುಂಬಿತು. ಇಂಜಿನು ಓಡುವ ಸ್ಥಿತಿಯಲ್ಲಿದ್ದವೂ ಆ ಮಿತಿಗೇ ನಿಂತವು. ಅದರಲ್ಲಿ ಅನ್ಯಾಯವಾಯಿತೆಂದು ನಾನು ಹೇಳಲಾರೆ. ಹಳೆಯ ಇಂಜಿನನ್ನು ಎಷ್ಟು ಚೆನ್ನಾಗಿ ಬೋರ್ ಮಾಡಿಸಿದರೂ ಅದರ ಹೊಗೆ ಇಂದಿನ ಕಾರಿನ ಹೊಗೆಯಷ್ಟು ಶುದ್ಧವಾಗುವುದಿಲ್ಲ. 2019ರ ಜುಲೈಯಿಂದ ಹೊಸ ಕಾರುಗಳೆಲ್ಲಕ್ಕೂ ಕಡ್ಡಾಯವಾದ ಚಾಲಕನ ಗಾಳಿಚೀಲ ಹಳೆಯ ಸ್ಟೀರಿಂಗಿನಲ್ಲಿ ಮೊಳೆಯುವುದಿಲ್ಲ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ದಿನವೂ ಓಡಾಡುವವರಿಗೆ ಈ ಒಂದು ಕಾರಣವೇ ಸಾಕು. ಊರೊಳಗೆ ಮೂವತ್ತರ ವೇಗದಲ್ಲಿ ಹೋಗುವವರು ಸ್ವಲ್ಪ ಉದಾರವಾಗಿ ಯೋಚಿಸಬಹುದು.

ಐವತ್ತು ವರ್ಷ ದಾಟಿ, ಮೂಲರೂಪ ಕೆಡದೆ ಉಳಿದ ಕಾರಿಗೆ 2021ರ ನಿಯಮದಂತೆ 'ವಿಂಟೇಜ್' ಎಂಬ ಬಿರುದು ಸಿಗುತ್ತದೆ. ಅದು ಶ್ರೀಮಂತರ ವಿಷಯ. ಅಂಥ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ.

ಬಿಡುವುದೆಂದು ನಿಶ್ಚಯಿಸಿದ ಮೇಲೆ ಹೇಗೆ ಬಿಡಬೇಕೆಂಬುದು ಬಹಳ ಮಂದಿಗೆ ತಿಳಿಯದು. ಗುಜರಿಯವನು ಮನೆಯ ಬಾಗಿಲಿಗೆ ಬಂದು ನಗದು ಎಣಿಸಿ ಎಳೆದುಕೊಂಡು ಹೋಗುತ್ತಾನೆ. ಅಲ್ಲಿಗೆ ಮುಗಿಯಿತೆಂದುಕೊಳ್ಳುತ್ತೇವೆ. ಕಾರು ಹೋಯಿತು, ಆದರೆ ಸರಕಾರದ ಪುಸ್ತಕದಲ್ಲಿ ಅದರ ಒಡೆಯರು ಇನ್ನೂ ನೀವೇ. 2021ರ ಸೆಪ್ಟೆಂಬರಿನಲ್ಲಿ ಬಂದ ನಿಯಮಗಳ ಪ್ರಕಾರ ನೋಂದಾಯಿತ ಗುಜರಿ ಕೇಂದ್ರಗಳು ಏರ್ಪಟ್ಟಿವೆ. ಅಲ್ಲಿ ಮೊದಲು ಕಳವಿನ ವಾಹನಗಳ ಪಟ್ಟಿಯೊಡನೆ ತಾಳೆ ನೋಡುತ್ತಾರೆ. ಆಯಿಲ್, ಆಸಿಡ್, ಅನಿಲಗಳನ್ನು ಮಣ್ಣಿಗೆ ಚೆಲ್ಲದೆ ತೆಗೆಯುತ್ತಾರೆ. ಕಾರನ್ನು ಒಪ್ಪಿಸಿಕೊಂಡದ್ದಕ್ಕೊಂದು ಪ್ರಮಾಣಪತ್ರ ಕೊಡುತ್ತಾರೆ. ಹೊಸ ಕಾರು ಕೊಳ್ಳುವವರಿಗೆ ಆ ಪತ್ರದ ಮೇಲೆ ನೋಂದಣಿ ಶುಲ್ಕದ ವಿನಾಯಿತಿಯುಂಟು. ಸ್ವಂತ ಬಳಕೆಯ ವಾಹನದ ತೆರಿಗೆಯಲ್ಲಿ ನೂರಕ್ಕೆ 25ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶವಿದೆ. ಕೈಗೆ ಬರುವ ಹಣ ಹೊಸ ಕಾರಿನ ಬೆಲೆಯ ನೂರಕ್ಕೆ ನಾಲ್ಕರಿಂದ ಆರು ಭಾಗವಾದೀತೆಂದು ನೀತಿಯನ್ನು ಸಾರಿದಾಗ ಅಂದಾಜು ಮಾಡಿದ್ದರು. ಬೀದಿಯ ಗುಜರಿಯವನು ಇದಕ್ಕಿಂತ ನಾಲ್ಕು ಕಾಸು ಹೆಚ್ಚು ಹೇಳಿಯಾನು. ಆ ನಾಲ್ಕು ಕಾಸು ಎಲ್ಲಿಂದ ಬರುತ್ತದೆಂದು ಯೋಚಿಸಬೇಕು: ನಿಮ್ಮ ಕಾರು ತುಂಡಾಗದೆ ಇನ್ನೊಬ್ಬರ ಕೈಗೆ ಸೇರುವ ಸಂಭವದಿಂದಲೂ ಬಂದಿರಬಹುದು.

2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಪ್ರಕರಣದಲ್ಲಿ ಈ ಮಾತನ್ನು ಸ್ಪಷ್ಟಪಡಿಸಿದೆ. ಕೈಯಿಂದ ಕೈಗೆ ಮಾರಾಟವಾಗಿದ್ದ ಕಾರೊಂದು ಅಪಘಾತ ಮಾಡಿತ್ತು. ನೋಂದಣಿ ಪುಸ್ತಕದಲ್ಲಿ ಹೆಸರು ಉಳಿದಿದ್ದ ಮೊದಲ ಒಡೆಯನೇ ಪರಿಹಾರಕ್ಕೆ ಹೊಣೆ ಎಂದು ತೀರ್ಪಾಯಿತು. ಆದುದರಿಂದ ಕಾರನ್ನು ಒಪ್ಪಿಸಿದ ಮೇಲೆ ನೋಂದಣಿ ಪತ್ರವನ್ನು ಸಾರಿಗೆ ಕಚೇರಿಗೆ ಹಿಂದಿರುಗಿಸಿ ರದ್ದು ಮಾಡಿಸಬೇಕು. ವಾಹನ ಬಳಕೆಗೆ ಬಾರದಂತಾದ 14 ದಿನಗಳೊಳಗೆ ಒಡೆಯನು ತಿಳಿಸಬೇಕೆಂದು 1988ರ ಕಾಯಿದೆಯಲ್ಲೇ ಇದೆ. ವಿಮೆಯವರಿಗೂ ಒಂದು ಕಾಗದ ಬರೆದು, ರದ್ದಾದ ಆದೇಶದ ಪ್ರತಿಯನ್ನು ಹಳೆಯ ಮನೆಪತ್ರಗಳ ಜೊತೆಯಲ್ಲೇ ಕಟ್ಟಿ ಇಟ್ಟುಕೊಳ್ಳಿ.